ಬೆಂಚಿನ ಮೇಲೆ ಸೊನ್ನೆ

ಟೈಲರ್ ಮಾವ ಎಂದರೆ ಒಂದು ಕಾಲದಲ್ಲಿ ಇಡೀ ಬೀದಿ ಹೆದರುತ್ತಿತ್ತು. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, "ಹೋದ ವರ್ಷ ಹೊಲಿಸಿದ ಪ್ಯಾಂಟು ನಿಮ್ಗೇನಾ, ನಿಮ್ಮ ತಮ್ಮನಿಗಾ?" ಎಂದು ನಾಲ್ಕು ಜನರೆದುರು ಕೇಳಿಬಿಡುವ ಆಸಾಮಿ. ಹೆಂಡತಿ ತೀರಿಕೊಂಡ ಮೇಲೆ ಆ ನಾಲಿಗೆಗೆ ಬೀಗ ಬಿತ್ತು. ದುಃಖ ಎಂದರೆ ಕೊನೇಪಕ್ಷ ನೋಯುತ್ತದೆ. ಇವರಿಗೆ ನೋವೂ ಇರಲಿಲ್ಲ. ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಸಂಜೆಯಾದರೆ ಮನೆಯೆದುರಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂರುತ್ತಿದ್ದರು. ಕೆಲಸ ಮುಗಿಸಿ ಬರುವ ಗಂಡನಿಗಾಗಿ ಆಕೆ ಕಾಯುತ್ತ ಕೂತಿರುತ್ತಿದ್ದ ಜಾಗ ಅದು. ದಿನದಲ್ಲಿ ಅವರು ತಾವಾಗಿ ಎದ್ದು ಹೋಗುತ್ತಿದ್ದುದು ಅಲ್ಲಿಗೆ ಮಾತ್ರ.

ಆ ಬೀದಿಗೆ ಸಂಶೋಧಕರ ಗುಂಪೊಂದು ಬಂತು. ಊರುಗಳಲ್ಲಿ ಜನ ಮತ್ತು ಯಂತ್ರ ಹೇಗೆ ಒಟ್ಟಿಗೆ ಬಾಳುತ್ತವೆ ಎಂದು ತಿಳಿಯುವ ಕೆಲಸ ಅವರದು. ಮುಚ್ಚುಮರೆ ಇಲ್ಲ. ಬೇಕಾದವರು ಕಿಟಕಿಯಲ್ಲಿ ಪುಟ್ಟ ಪೆಟ್ಟಿಗೆಯೊಂದನ್ನು ಇಟ್ಟುಕೊಳ್ಳಬಹುದು; ಅದು ಬೀದಿಯ ಜನರನ್ನು ಎಣಿಸಿ, ಎಲ್ಲರೂ ಫೋನಿನಲ್ಲಿ ನೋಡಬಹುದಾದ ನಕ್ಷೆಗೆ ಕಳಿಸುತ್ತದೆ. ತಪ್ಪು ಕಂಡರೆ ಬೀದಿಯವರೇ ತಿದ್ದಬಹುದು. ಹೊಸದೆಂದರೆ ಕಿವಿ ನೆಟ್ಟಗಾಗುವ ಸೊಸೆ ಅಡುಗೆಮನೆ ಕಿಟಕಿಯಲ್ಲಿ ಒಂದನ್ನು ಕೂರಿಸಿಯೇ ಬಿಟ್ಟಳು.

ಕೆಲವು ತಿಂಗಳಾದ ಮೇಲೆ ಲೈಬ್ರರಿಯಲ್ಲಿ ಸಭೆ ಸೇರಿತು. ಸೊಸೆ ಮಾವನನ್ನೂ ಎಳೆದುಕೊಂಡು ಹೋದಳು. ಗೋಡೆಯ ಮೇಲಿನ ನಕ್ಷೆಯಲ್ಲಿ ಕಲ್ಲುಬೆಂಚಿನ ಎದುರು ಸೊನ್ನೆ ಕೂತಿತ್ತು.

"ಯಾರೂ ಕೂರಲ್ಲ ಅಂದ್ಮೇಲೆ ಕಿತ್ತು ಹಾಕೋಣ. ಬೈಕ್ ನಿಲ್ಲಿಸೋಕಾದ್ರೂ ಜಾಗ ಆಗುತ್ತೆ," ಎಂದರು ವಾರ್ಡ್ ಎಂಜಿನಿಯರ್. ಬೈಕಿದ್ದವರೆಲ್ಲ ತಲೆಯಾಡಿಸಿದರು.

ಸೊಸೆ ಎದ್ದು ನಿಂತಳು. "ನಮ್ಮ ಮಾವ ದಿನಾ ಅಲ್ಲೇ ಕೂತಿರ್ತಾರಲ್ಲ."

ಸಂಶೋಧಕಿ ಲ್ಯಾಪ್‌ಟಾಪು ತಡಕಾಡಿದಳು. ಅವಳ ಮುಖ ಸಣ್ಣದಾಯಿತು. "ತಪ್ಪು ನಮ್ದೇ. ಅಲುಗಾಡದೇ ಇರೋದನ್ನ ಪೆಟ್ಟಿಗೆ ಸಾಮಾನು ಅಂದ್ಕೊಳ್ಳುತ್ತೆ. ಕಂಬ, ತೊಟ್ಟಿ... ಆ ಥರ. ಕೂತ್ಮೇಲೆ ಇವರು ಒಂಚೂರೂ ಅಲುಗಾಡಿಲ್ಲ."

ಯಾರೋ ಕಿಸಕ್ಕೆಂದರು. ಟೈಲರ್ ಮಾವನಿಗೆ ಅವಮಾನವೂ ಆಗಲಿಲ್ಲ, ಬೆಂಚು ಹೋಗುತ್ತದೆಂಬ ಗಾಬರಿಯೂ ಆಗಲಿಲ್ಲ.

"ತಿದ್ದೋದು ಬೇಡಮ್ಮ," ಎಂದರು. "ಅದು ಸರಿಯಾಗೇ ಎಣಿಸಿದೆ."

ಸೊಸೆಗೆ ಸಿಟ್ಟು ನೆತ್ತಿಗೇರಿತು. "ಏನು ಸರಿ? ಪೆಟ್ಟಿಗೆ ಪಕ್ಕದಲ್ಲೇ ನಿಂತು ನಾನು ದಿನಾ ನೋಡ್ತೀನಿ. ಬಿಸಿಲಿಗೆ ಮುಖ ಕೊಟ್ಕೊಂಡು ಕೂತಿರ್ತೀರಿ. ಎಡಗಾಲು ಜೋಮು ಹಿಡಿದಿರುತ್ತೆ, ಏಳೋವಾಗ ಒಂದು ಸಲ ಒದರ್ತೀರಿ. ನೀವು ಕಾಲು ಒದರಿದ್ಮೇಲೇನೇ ನಾನು ಸಾರು ಬಿಸಿಗಿಡೋದು."

ಟೈಲರ್ ಮಾವ ಅವಳ ಮುಖ ನೋಡಿದರು. ಸಾರು ಬಿಸಿಯಾಗಿರುತ್ತಿತ್ತೋ ಆರಿರುತ್ತಿತ್ತೋ, ಅವರಿಗೆ ನೆನಪಿರಲಿಲ್ಲ. ಇಷ್ಟು ದಿನ ತಮಗಾಗಿ ಮನೆಯಲ್ಲೊಬ್ಬರು ಕಾಯುತ್ತಿದ್ದಾರೆ ಎಂಬುದೂ ತಲೆಗೆ ಹೋಗಿರಲಿಲ್ಲ. ಎದೆಯೊಳಗೆ ಏನೋ ಚುಚ್ಚಿದಂತಾಯಿತು. ಎಷ್ಟೋ ತಿಂಗಳ ಮೇಲೆ, ಅದು ನಿಜವಾಗಿ ನೋಯಿತು.

ಅವರು ಎಂಜಿನಿಯರ್ ಕಡೆ ತಿರುಗಿದರು.

"ಬೆಂಚು ಕೀಳ್ಬೇಡಿ," ಎಂದರು. "ನಾನು ಅಲ್ಲಿ ಕೂತ್ಕೋತೀನಿ."