ಜ್ವರದ ಬ್ರೆಡ್ಡು

ಅವರ ಎರಡೂ ಕೈಗಳ ಮೇಲೆ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಅಂಗಿಯ ತೋಳು ಮಡಚಿದರೆ ಮೇಲೆಲ್ಲ ಕರಡಿಯಂತೆ ದಟ್ಟ ಕೂದಲು, ಕೆಳಗೆ ಎಣ್ಣೆ ಸವರಿದಂತೆ ನುಣುಪು ಚರ್ಮ. ವರ್ಷಗಟ್ಟಲೆ ಭಟ್ಟಿಯ ಬಾಯಿಗೆ ಕೈ ಚಾಚಿ ಚಾಚಿ ಅಲ್ಲಿ ಕೂದಲು ಬೆಳೆಯುವುದನ್ನೇ ಬಿಟ್ಟಿತ್ತು. ಮೊದಲ ಸಲ ನೋಡಿದಾಗ ಇದ್ಯಾವ ಚರ್ಮರೋಗವೋ ಎಂದು ನಾನು ಕೈ ಹಿಡಿದು ತಿರುಗಿಸಿ ನೋಡಿದ್ದೆ. ನರ್ಸಿನ ಚಾಳಿ. ಅವರು ಮೆಲ್ಲಗೆ ಕೈ ಬಿಡಿಸಿಕೊಂಡು, “ಕಾಯ್ಲೆ ಅಲ್ಲ ಕಣಮ್ಮ, ಬ್ರೆಡ್ಡು” ಎಂದಿದ್ದರು.

ಶಿರಾದಲ್ಲಿ ನಾನು ಕೆಲಸ ಮಾಡುತ್ತಿದ್ದ ಸಣ್ಣ ನರ್ಸಿಂಗ್ ಹೋಮಿನ ಹಿಂದಿನ ಓಣಿಯಲ್ಲೇ ಅವರ ಬೇಕರಿ. ಊರೆಲ್ಲ ಅವರನ್ನು ಬ್ರೆಡ್ ಸಾಬರು ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅವರಿಗೆ ನಾನು ಸಿಸ್ಟರಮ್ಮ. ಬೆಳಗಿನ ಜಾವ ಮೊದಲು ಜಾಲಿ ಸೌದೆಯ ಹೊಗೆ ಬರುತ್ತಿತ್ತು. ಅದರ ಹಿಂದೆಯೇ ಹುಳಿ ಬಂದ ಹಿಟ್ಟಿನ ವಾಸನೆ. ಆಮೇಲೆ ಬ್ರೆಡ್ಡಿನ ಮೈ ಕೆಂಪಾಗುವ ಆ ಬಿಸಿ, ಸಿಹಿ ವಾಸನೆ ಬಂದು ವಾರ್ಡಿನ ಫಿನೈಲನ್ನು ಅರ್ಧ ಗಂಟೆಯಾದರೂ ಕಿಟಕಿಯಾಚೆ ತಳ್ಳಿಬಿಡುತ್ತಿತ್ತು. ಎರಡು ದಿನದಿಂದ ತುತ್ತು ಮುಟ್ಟದವರೂ ಮಗ್ಗುಲು ಬದಲಿಸಿ “ಏನದು ವಾಸ್ನೆ?” ಎಂದು ಕೇಳುತ್ತಿದ್ದರು. ಹಾಗೆ ಕೇಳಿದರೆಂದರೆ ಥರ್ಮಾಮೀಟರು ಇಡುವ ಮೊದಲೇ ನನಗೆ ಜ್ವರ ಇಳಿದದ್ದು ಗೊತ್ತಾಗುತ್ತಿತ್ತು.

ಅವರ ಬ್ರೆಡ್ಡಿಗೆ ಮೇಣದ ಕಾಗದ ಸುತ್ತಿರುತ್ತಿತ್ತು, ಅದರ ಮೇಲೊಂದು ಹಸಿರು ಗಿಣಿ. ಅಚ್ಚು ಹಾಕುವವನು ಕೊಕ್ಕಿನ ಕೆಂಪನ್ನು ಸದಾ ಅರ್ಧ ಬೆರಳು ಮೇಲಕ್ಕೆ ಒತ್ತಿರುತ್ತಿದ್ದ. ಗಿಣಿಗೆ ಕಣ್ಣುಬೇನೆ ಬಂದಿದೆ, ಡ್ರಾಪ್ಸ್ ಹಾಕಿ ಎಂದು ನಾನು ರೇಗಿಸುತ್ತಿದ್ದೆ. ಬಸ್ಸಿನ ಟಾಪಿನ ಮೇಲೆ ತಗಡಿನ ಪೆಟ್ಟಿಗೆಯಲ್ಲಿ ಗಿಣಿ ಬ್ರೆಡ್ಡು ಪಾವಗಡದವರೆಗೂ ಹೋಗುತ್ತಿತ್ತು. ಆಗ ಮಧುಗಿರಿಗೆ ಮಧುಗಿರಿಯದೇ ಬ್ರೆಡ್ಡು, ಹಳದಿ ಕಾಗದದ್ದು, ಸ್ವಲ್ಪ ಗಟ್ಟಿ. ಕೊರಟಗೆರೆಯದಕ್ಕೆ ಸಕ್ಕರೆ ಒಂದು ಹಿಡಿ ಜಾಸ್ತಿ. ಮೂಸಿ ನೋಡಿ ಯಾವ ಊರಿನದೆಂದು ಹೇಳಬಹುದಾಗಿತ್ತು. ಈಗ ಯಾವ ಅಂಗಡಿಗೆ ಹೋದರೂ ಒಂದೇ ಪ್ಲಾಸ್ಟಿಕ್ ಕವರು. ಅದನ್ನು ಬಿಚ್ಚಿದರೆ ಕವರಿನ ವಾಸನೆಯೇ ಬರುತ್ತದೆ.

ಸಾಬರಿಗೆ ಒಂದೇ ಒಂದು ಕೊರಗಿತ್ತು. ನಮ್ಮ ಕಡೆ ಬ್ರೆಡ್ಡು ಊಟವಲ್ಲ, ಪಥ್ಯ. ಮೈ ಬಿಸಿಯಾದರೆ ಬ್ರೆಡ್ಡು, ಆಪರೇಷನ್ ಆದರೆ ಬ್ರೆಡ್ಡು, ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೆ ಕೈಯಲ್ಲಿ ಒಂದು ಪೌಂಡು ಬ್ರೆಡ್ಡು. ಗಟ್ಟಿಮುಟ್ಟಾಗಿರುವವರು ಮುದ್ದೆ ತಿನ್ನುತ್ತಾರೆ. ಅವರ ಅಂಗಡಿಯ ಮುಂದೆ ನಿಂತವರ ಮುಖವೆಲ್ಲ ಬಾಡಿರುತ್ತಿತ್ತು.

“ನೀವೇ ಸಿಸ್ಟರಮ್ಮ ನನ್ನ ಬ್ರೆಡ್ಡಿನ ಹೆಸರು ಕೆಡ್ಸಿದ್ದು,” ಎಂದು ನನ್ನ ಮೇಲೆ ಹರಿಹಾಯುತ್ತಿದ್ದರು. “ವಾಂತಿ ಆದೋರಿಗೆ ಹಾಲು ಬ್ರೆಡ್ಡು, ಕಾಲು ಮುರ್ದೋರಿಗೆ ಹಾಲು ಬ್ರೆಡ್ಡು. ಕಾಲಿಗೂ ಬ್ರೆಡ್ಡಿಗೂ ಏನು ಸಂಬಂಧ?”

“ನಾನು ಹೇಳಿದ್ದಕ್ಕೇ ಅಲ್ವೇ ಜನ ಬಂದು ಕೊಂಡ್ಕೊಳ್ಳೋದು?”

“ಕೊಂಡ್ಕಂತಾರೆ ಬುಡಿ. ನಗ್ತಾ ಒಬ್ರೂ ಕೊಂಡ್ಕಣಲ್ಲ.”

ಹುಷಾರಾಗಿರುವ ಮನುಷ್ಯ, ಹಸಿವಾಗಿ, ರುಚಿಗೆಂದೇ ಬಂದು ತಮ್ಮ ಅಂಗಡಿಯಲ್ಲಿ ಕೂತು ಬ್ರೆಡ್ಡು ತಿನ್ನಬೇಕು. ಅವರ ಆಸೆ ಅಷ್ಟೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ದಿನಾ ಆ ವಾಸನೆ ಕುಡಿಯುತ್ತಿದ್ದ ನಾನೂ ಒಂದು ದಿನವೂ ತಿಂದವಳಲ್ಲ. ಬಿಸಿ ಬ್ರೆಡ್ಡು ಮುರಿದು ಮುಂದೆ ಹಿಡಿದಾಗಲೆಲ್ಲ, “ನಂಗೇನಾಗಿದೆ ಸಾಬ್ರೆ ಬ್ರೆಡ್ಡು ತಿನ್ನೋಕೆ?” ಎಂದು ನಕ್ಕು ಮುಂದೆ ಹೋಗಿಬಿಡುತ್ತಿದ್ದೆ. ಅವರೂ ನಗುತ್ತಿದ್ದರು. ಆ ನಗೆಯನ್ನು ನಾನು ಸರಿಯಾಗಿ ನೋಡಲೇ ಇಲ್ಲ.

ಒಂದು ಸಲ ನನ್ನ ತಂಗಿಯ ಮನೆಗೆ ಹೊರಟಿದ್ದೆ. ಅವಳನ್ನು ಪಾವಗಡದ ಕಡೆ ತಿರುಮಣಿಗೆ ಕೊಟ್ಟಿತ್ತು. ಸಾಬರು ಬಸ್‌ಸ್ಟ್ಯಾಂಡಿನವರೆಗೂ ಬಂದು ಎರಡು ಪೌಂಡು ಬ್ರೆಡ್ಡು ಕೈಗಿಟ್ಟರು. “ಹುಷಾರಾಗಿರೋರಿಗೆ ಕೊಡಿ. ಏನಂತಾರೆ ಬಂದು ಹೇಳಿ.” ಬಸ್ಸಿನಲ್ಲಿ ಗಿಣಿಯ ಕಾಗದ ಕಂಡದ್ದೇ ತಡ, ಒಬ್ಬಾತ ಎದ್ದು ಸೀಟು ಬಿಟ್ಟುಕೊಟ್ಟ. ಪಕ್ಕದಲ್ಲಿದ್ದ ಹೆಂಗಸು ಯಾವ ಆಸ್ಪತ್ರೆ, ಎಷ್ಟು ದಿನವಾಯಿತು ಎಂದು ವಿಚಾರಿಸಿಕೊಂಡಳು. ಯಾರಿಗೂ ಏನೂ ಆಗಿಲ್ಲವೆಂದರೆ ನಂಬಲಿಲ್ಲ. ಹೇಳಿಕೊಳ್ಳಲಾಗದ ಕಾಯಿಲೆ ಇರಬೇಕೆಂದು ಬೆನ್ನು ಸವರಿದಳು. ತಂಗಿಯ ಮನೆಯಲ್ಲಿ ಅವಳ ಅತ್ತೆ ಬಾಗಿಲಲ್ಲೇ ಬ್ರೆಡ್ಡು ನೋಡಿ ಎದೆ ಹಿಡಿದುಕೊಂಡು, “ಎವರಿಕೇಮಯಿಂದಮ್ಮಾ?” ಎಂದು ತೆಲುಗಿನಲ್ಲಿ ಯಾರಿಗೇನಾಯಿತೆಂದು ಕೇಳುತ್ತಾ ಅಳಲಿಕ್ಕೇ ಶುರುಮಾಡಿದರು. ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ತಿನ್ನಲು ತಂದೆ ಎಂದು ಸಮಾಧಾನ ಮಾಡುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆಕೆ ಕಣ್ಣೊರೆಸಿಕೊಂಡು ಬ್ರೆಡ್ಡನ್ನು ಅಟ್ಟದ ಮೇಲಿಟ್ಟರು, ಮಕ್ಕಳಿಗೆ ಜ್ವರ ಬಂದಾಗ ಆಗುತ್ತದೆಂದು.

ಇದನ್ನು ಹೇಳಿದಾಗ ಸಾಬರು ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹಿಟ್ಟಿನ ಮೂಟೆಯ ಮೇಲೆ ಕೂತರು. “ಅಟ್ಟದ ಮ್ಯಾಲಾ?” ಎಂದು ಒಂದು ಸಲ ಕೇಳಿದರು. ಆ ದಿನವಾದರೂ ನಾನು ಒಂದು ತುಂಡು ಬಾಯಿಗಿಟ್ಟುಕೊಳ್ಳಬಹುದಿತ್ತು. ಡ್ಯೂಟಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಆಮೇಲೆ ದೊಡ್ಡ ಕಂಪನಿಗಳ ಬ್ರೆಡ್ಡು ಬಂತು. ಕತ್ತರಿಸಿಯೇ ಬರುತ್ತಿತ್ತು, ವಾರ ಇಟ್ಟರೂ ಕೆಡುತ್ತಿರಲಿಲ್ಲ. ಹೈವೇ ಪಕ್ಕ ತಳ್ಳುಗಾಡಿಗಳಲ್ಲಿ ಬ್ರೆಡ್ ಆಮ್ಲೆಟ್ ಶುರುವಾಯಿತು, ಕಾಲೇಜು ಹುಡುಗರು ಮುತ್ತಿಕೊಂಡರು. ಸಾಬರ ಬೇಕರಿಗೆ ಬರುವವರು ಕಡಿಮೆಯಾದರು. ಒಂದು ಸಂಜೆ ಅವರು ಅಂಥದ್ದೊಂದು ಗಾಡಿಯ ಎದುರು ಕೈಕಟ್ಟಿ ನಿಂತಿದ್ದನ್ನು ನೋಡಿ ನನಗೇ ಸಿಟ್ಟು ಬಂತು. ಇವರೇನು ಹೊಟ್ಟೆ ಉರಿಸಿಕೊಳ್ಳಲು ಇಲ್ಲಿವರೆಗೆ ನಡೆದುಕೊಂಡು ಬರಬೇಕೆ ಎಂದು ಹತ್ತಿರ ಹೋದೆ.

“ನೋಡಿ ಸಿಸ್ಟರಮ್ಮ, ಹೆಂಗೆ ತಿಂತಾವ್ರೆ,” ಎಂದರು. ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. “ಒಬ್ಬನಿಗಾದ್ರೂ ಜ್ವರ ಐತಾ?”

“ಅದು ನಿಮ್ಮ ಬ್ರೆಡ್ಡಲ್ಲವಲ್ಲ ಸಾಬ್ರೆ.”

“ನಂದಲ್ಲ, ಅದೊಂದೇ ಆಗ್ಬಾರ್ದಾಗಿತ್ತು,” ಎಂದರು.

ಆ ವರ್ಷವೇ ಬೇಕರಿ ಮುಚ್ಚಿದರು. ವಾರ್ಡಿನಲ್ಲಿ ಬೆಳಿಗ್ಗೆ ಫಿನೈಲಿನ ವಾಸನೆ ಒಂದೇ ಉಳಿಯಿತು.

ಮುಚ್ಚಿ ಎರಡು ತಿಂಗಳಾಗಿರಬೇಕು, ನನಗೆ ಡೆಂಗಿ ಬಂತು. ನಾನೇ ಅಷ್ಟು ವರ್ಷ ಓಡಾಡಿದ ವಾರ್ಡಿನಲ್ಲಿ ಮಲಗಿದೆ. ಪ್ಲೇಟ್ಲೆಟ್ ದಿನಾ ಇಳಿಯುತ್ತಿತ್ತು. ಬೇರೆಯವರಿಗಾದರೆ ಏನೂ ಆಗಲ್ಲ ಅನ್ನಬಹುದು, ನನಗೆ ಯಾರೂ ಹಾಗೆ ಸುಳ್ಳು ಹೇಳುವಂತಿರಲಿಲ್ಲ. ನನಗೆ ಹೆದರಿಕೆಯಾಗಿತ್ತು. ನೋಡಲು ಬಂದವರೆಲ್ಲ ಬ್ರೆಡ್ಡು ತಂದರು, ಟೇಬಲ್ಲಿನ ಮೇಲೆ ಪ್ಲಾಸ್ಟಿಕ್ ಪ್ಯಾಕೆಟ್ಟುಗಳ ರಾಶಿ. ಸಾಬರು ಬರಿಗೈಯಲ್ಲಿ ಬಂದರು. ಆ ರಾಶಿಯನ್ನು ನೋಡಿ ಮುಖ ಹುಳ್ಳಗೆ ಮಾಡಿದರು.

“ನೀವೇನೂ ತರಲಿಲ್ವಾ?” ಎಂದೆ. ಮಾತಾಡಲು ಶಕ್ತಿ ಇರದಿದ್ದರೂ ರೇಗಿಸುವ ಚಟ ಹೋಗಿರಲಿಲ್ಲ.

“ಮಲಗಿರೋರಿಗೆ ನಾನು ಬ್ರೆಡ್ಡು ತರಲ್ಲ. ಯಾವ್ದಾದ್ರೂ ಭಾನುವಾರ ಎದ್ದು ನಡ್ಕಂಡು ಬನ್ನಿ. ಬಿಸಿಬಿಸಿದು ಮಾಡ್ಕೊಡ್ತೀನಿ.”

ಆ ಭಾನುವಾರ ಬೆಳಿಗ್ಗೆ ಮಂಪರಿನಲ್ಲಿ ನನಗೆ ಬ್ರೆಡ್ಡಿನ ವಾಸನೆ ಬಂತು. ಜಾಲಿ ಸೌದೆ, ಹಿಟ್ಟು, ಕೆಂಪಗಾಗುವ ಮೈ, ಎಲ್ಲ ಅದೇ ಕ್ರಮದಲ್ಲಿ. ಜೊತೆಗಿದ್ದ ತಂಗಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. “ಬೇಕರಿ ಮುಚ್ಚಿದ್ರಂತಲ್ಲಕ್ಕ, ಜ್ವರ ನೆತ್ತಿಗೇರೈತೆ ನಿಂಗೆ” ಎಂದು ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಮುಂದಿನ ಭಾನುವಾರ ಮತ್ತೆ ಬಂತು. ಇಲ್ಲದ ವಾಸನೆ ಬರುವ ರೋಗಿಗಳನ್ನು ನಾನು ಕಂಡಿದ್ದೆ. ಅಂಥವರಲ್ಲಿ ಬಹಳ ಜನ ಉಳಿದಿರಲಿಲ್ಲ. ತಂಗಿಗೆ ಹೇಳಲಿಲ್ಲ, ಗೋಡೆ ಕಡೆ ತಿರುಗಿ ಅತ್ತೆ.

ಆದರೂ ಆ ವಾರ ಪ್ಲೇಟ್ಲೆಟ್ ಏರಿತು, ಮನೆಗೆ ಕಳಿಸಿದರು. ಭಾನುವಾರ ಓಣಿಯ ಗೋಡೆ ಹಿಡಿದುಕೊಂಡು ಒಬ್ಬಳೇ ಬೇಕರಿಗೆ ನಡೆದು ಹೋದೆ. ಭಟ್ಟಿ ಉರಿಯುತ್ತಿತ್ತು. ನಾನು ಮನೆಗೆ ಬಂದ ಸುದ್ದಿ ಯಾರೋ ಮುಟ್ಟಿಸಿರಬೇಕು ಅಂದುಕೊಂಡೆ. ಸಾಬರು ಅಚ್ಚು ಎಳೆದು ಬ್ರೆಡ್ಡು ಕೊಡವಿ, ಕೈಯಲ್ಲೇ ಮುರಿದು, ಬೆಣ್ಣೆ ಸವರಿ ಮೇಲೆ ಸಕ್ಕರೆ ಉದುರಿಸಿ ಕೊಟ್ಟರು. ಹೊರಗೆ ಗರಿಗರಿ, ಒಳಗೆ ಹತ್ತಿ. ಇಷ್ಟು ರುಚಿಯಾದದ್ದನ್ನು ಇಷ್ಟು ವರ್ಷ ಪಕ್ಕದಲ್ಲಿಟ್ಟುಕೊಂಡು ರೋಗಿಗಳಿಗೆ ಹಂಚಿದ್ದೆನಲ್ಲ ಎಂದು ನನ್ನ ಮೇಲೇ ನನಗೆ ಕೋಪ ಬಂತು. ಗಬಗಬ ತಿಂದೆ.

“ನಿಧಾನಕ್ಕೆ,” ಎಂದರು. “ಔಷ್ದಿ ಅಲ್ಲ ಅದು.”

ಇನ್ನೊಂದು ತುಂಡು ಕೊಡಿ ಎಂದೆ. ಅವರು ತಟ್ಟನೆ ಭಟ್ಟಿಯ ಕಡೆ ತಿರುಗಿ, ಬೇಕಿಲ್ಲದಿದ್ದರೂ ಬೆಂಕಿ ಕೆದಕುತ್ತಾ ಬಹಳ ಹೊತ್ತು ನಿಂತರು.

ಮುಂದಿನ ವರ್ಷ ರಂಜಾನ್ ಮುಗಿದ ವಾರದಲ್ಲಿ, ಬೆಳಗಿನ ನಮಾಜು ಮುಗಿಸಿ ಬಂದು ಕುರ್ಚಿಯಲ್ಲಿ ಕೂತ ಸಾಬರು ಮತ್ತೆ ಏಳಲಿಲ್ಲ. ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲ, ಯಾರಿಂದಲೂ ಬ್ರೆಡ್ಡು ತರಿಸಿಕೊಳ್ಳಲಿಲ್ಲ. ಅವರ ಹೆಂಡತಿಯನ್ನು ಮಾತಾಡಿಸಲು ಹೋದಾಗ ಆ ಭಾನುವಾರದ ವಿಷಯ ಎತ್ತಿದೆ. ಮುಚ್ಚಿದ ಭಟ್ಟಿಯನ್ನು ನನಗೋಸ್ಕರ ಒಂದು ದಿನ ಹಚ್ಚಿದ್ದರು, ಅದನ್ನು ಮರೆಯಲಾರೆ ಎಂದೆ.

“ಒಂದಿನ ಎಲ್ಲಿ ಸಿಸ್ಟರಮ್ಮ, ಮೂರು ಭಾನುವಾರ,” ಎಂದರು ಆಕೆ. “ಒಂದು ಬ್ರೆಡ್ಡಿಗೆ ಆ ಭಟ್ಟಿ ಕಾಯಲ್ಲ, ತುಂಬ ಹಾಕ್ಬೇಕು. ಇವತ್ತು ಬರ್ತಾರೆ ಅಂತ ಹಚ್ಚೋರು. ಮಧ್ಯಾನ್ದವರೆಗೂ ಓಣಿ ನೋಡ್ಕಂಡು ಕೂತಿರೋರು. ಆಮೇಲೆ ಮನೆಗೆ ಹೊತ್ಕಂಡು ಬರೋರು. ಎರಡು ವಾರ ನಾವು ಬರೀ ಬ್ರೆಡ್ಡೇ ತಿಂದ್ವಿ.”

ಆ ಎರಡು ಭಾನುವಾರ ನಾನು ಬದುಕುತ್ತೇನೆಂದು ನನಗೇ ಅನಿಸಿರಲಿಲ್ಲ. ಅವರು ನನಗಾಗಿ ಹಿಟ್ಟು ಕಲಸುತ್ತಿದ್ದರು.