ಕಾಲು ತಾಗಿದ ಮೇಲೆ

ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿದದ್ದು ಮುಗ್ಗಲು ವಾಸನೆ. ಜಲನಗರದ ಆ ಮಹಡಿಯ ಹಾಲಿನಲ್ಲಿ ಬೆಳಗ್ಗೆ ಯೋಗ, ಸಂಜೆ ಸಾಲ್ಸಾ ಎಂಬ ಪರದೇಶದ ಜೋಡಿ ಕುಣಿತ. ಯೋಗದವರ ಬೆವರು ಕುಡಿದ ಚಾಪೆಗಳು ಮೂಲೆಯಲ್ಲಿ ಬಿದ್ದಿದ್ದವು. ಆ ನಾತ ಮುಚ್ಚಲು ಯಾರೋ ಪುಣ್ಯಾತ್ಮರು ಧಾರಾಳವಾಗಿ ಸೆಂಟು ಹೊಡೆದಿದ್ದರು. ಥೂ, ಇದಕ್ಕಿಂತ ನಮ್ಮ ವಾರ್ಡೇ ವಾಸಿ ಎಂದುಕೊಂಡಳು ವಿಶಾಖಾ.

ಹಾಗೆ ಅನ್ನುವ ಹಕ್ಕು ಅವಳಿಗಿತ್ತು. ಟಿಕೋಟಾದ ಈ ಹೆಣ್ಣುಮಗಳು ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲುಗಳ ಡ್ರೆಸ್ಸಿಂಗ್ ಅವಳ ಪಾಲಿನ ಕೆಲಸ. ಹೊಸ ಹುಡುಗಿಯರು ಮೂಗು ಮುಚ್ಚಿಕೊಂಡು ಓಡುವಂಥ ಹುಣ್ಣನ್ನು ತೊಳೆದು, ಕೀವು ತೆಗೆದು, ಪಟ್ಟಿ ಕಟ್ಟಿ, ಕಾಕಾ ಹುಷಾರು ಎಂದು ಕಳಿಸುತ್ತಿದ್ದಳು. ಗೌಡರ ಕಾಲು, ಸಾವಕಾರರ ಕಾಲು, ಐನೋರ ಕಾಲು, ಎಲ್ಲ ಅವಳ ಕೈಯಲ್ಲಿ ಬಂದು ಹೋಗಿವೆ. ಕಾಲು ಕೊಳೆತವನು ನರ್ಸಿನ ಜಾತಿ ಕೇಳುವುದಿಲ್ಲ. ಕೇಳಿದರೂ ಅವನಿಗೆ ಬೇರೆ ಗತಿಯಿಲ್ಲ.

ಆದರೆ ಇಷ್ಟು ವರ್ಷ ಅವಳ ಕೈ ಹಿಡಿದವರೆಲ್ಲ ನೋವಿಗೆ ಹಿಡಿದವರು. ಸೂಜಿ ಚುಚ್ಚುವಾಗ ಉಗುರು ಊರಿದವರು, ಪ್ರಾಣ ಹೋಗುವಾಗ ಬಿಡದೆ ಹಿಡಿದವರು. ಗಟ್ಟಿಮುಟ್ಟಾಗಿರುವ ನಾಲ್ಕು ಜನ ಸುಮ್ಮನೆ ಖುಷಿಗೆ ತನ್ನ ಕೈ ಹಿಡಿಯಲಿ ಎಂಬುದೊಂದೇ ಆಸೆ. ಮೊಬೈಲಿನಲ್ಲಿ ಸಾಲ್ಸಾ ನೋಡಿದಂದಿನಿಂದ ಅದೇ ತಲೆಯಲ್ಲಿ ಕೂತಿತ್ತು. ಊರಿನಿಂದ ತಾಯಿ ಪರಸವ್ವ ಫೋನಿನಲ್ಲೇ ಉಗಿದಿದ್ದಳು. ದಿನವಿಡೀ ವಾರ್ಡಿನಲ್ಲಿ ತಿರುಗಿ ಕಾಲು ಸಾಲದೇನು, ಮದುವೆ ಮಾಡಿಕೋ ಅಂದರೆ ಮಾಡಿಕೊಳ್ಳಲಿಲ್ಲ, ಈಗ ಮೂವತ್ತಾರಕ್ಕೆ ಕುಣಿಯಲು ಹೊರಟಿದ್ದೀಯಾ ಎಂದು. ವಿಶಾಖಾ ನಕ್ಕು ಫೋನಿಟ್ಟಿದ್ದಳು.

ಕಲಿಸುವ ಕಾವ್ಯಾ ಪುಣೆಯಲ್ಲಿ ಕಲಿತು ಬಂದವಳು. ಹೊಸಬರೆಲ್ಲ ಬರಿಗಾಲಲ್ಲಿ ನಿಲ್ಲಬೇಕು, ಹಾಡು ಮುಗಿದಂತೆಲ್ಲ ಜೋಡಿ ಬದಲಾಗಬೇಕು ಎಂದಳು. ಹೆಜ್ಜೆಯ ಎಣಿಕೆಯಲ್ಲಿ ಒಂದು ಎರಡು ಮೂರು ಆದ ಮೇಲೆ ನೇರ ಐದು; ನಾಲ್ಕನ್ನು ಯಾರು ನುಂಗಿದರೋ ತಿಳಿಯಲಿಲ್ಲ. ಒಬ್ಬನ ಅಂಗೈ ಹಸಿ ಹಿಟ್ಟಿನಂತೆ ಅಂಟುತ್ತಿತ್ತು. ಇನ್ನೊಬ್ಬ ಗುಟ್ಕಾ ಅಗಿದ ಬಾಯಿಯಲ್ಲೇ ಮುಖಕ್ಕೆ ಮುಖ ಕೊಟ್ಟು ಎಣಿಸುತ್ತಿದ್ದ. ಹೇಸಿಗೆ ಹೇಸಿಗೆ ಅನ್ನುತ್ತಲೇ ವಿಶಾಖಾ ಕುಣಿದಳು. ಎಂಥ ಕೈಯಾದರೂ ಖುಷಿಗೆ ಹಿಡಿದದ್ದಲ್ಲವೇ ಎಂದು ಸಮಾಧಾನ ಮಾಡಿಕೊಂಡಳು.

ಅಲ್ಲಿದ್ದವರಿಗೆಲ್ಲ ನಗೆಯ ವಸ್ತುವಾಗಿದ್ದವನು ಶ್ರೀಮಂತ ಎಂಬ ಹೆಸರಿನವನು. ಹೊನವಾಡದಲ್ಲಿ ದ್ರಾಕ್ಷಿ ತೋಟ, ಜಲನಗರದಲ್ಲಿ ಮನೆ. ಹೆಂಡತಿ ಗೀತಾಂಜಲಿ ಎಳೆದುಕೊಂಡು ಬಂದಿದ್ದಳು. ಜೋಡಿಯ ಕಾಲಿಗೆ ಕಾಲು ತಾಗಿದರೆ ಸಾಕು, ಹಾಡು ಬಿಟ್ಟು ನಿಂತು, ಬಗ್ಗಿ, ಆ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ನಮ್ಮ ಕಡೆ ಹುಟ್ಟಿದವರಿಗೆ ಅದು ಉಸಿರಿನಷ್ಟೇ ಸಹಜ. ಆದರೆ ಸಾಲ್ಸಾದಲ್ಲಿ ಹೆಜ್ಜೆಗೊಮ್ಮೆ ಕಾಲು ತಾಗುತ್ತದೆ! ಉರ್ದು ಶಾಲೆಯ ಟೀಚರ್ ಸುಗರಾಬಿಯ ಜೊತೆ ಅವನು ಕುಣಿದದ್ದಕ್ಕಿಂತ ಬಗ್ಗಿದ್ದೇ ಹೆಚ್ಚು. ಹಿಂದಿದ್ದವರು ಅವನನ್ನು ಎಡವಿ ಬೀಳುತ್ತಿದ್ದರು. ಕಾವ್ಯಾ ಹೇಳಿ ಹೇಳಿ ಸೋತಳು.

ಅವನ ಜೋಡಿಯಾಗಿ ವಿಶಾಖಾಳ ಸರದಿ ಬಂತು. ಹಾಡು ಶುರುವಾಗುವ ಮುಂಚೆ ಶ್ರೀಮಂತ ಊರು ಕೇಳಿದ. ಹೇಳಿದಳು. ಟಿಕೋಟಾ ಎಂದರೆ ನಮ್ಮ ಪಕ್ಕದ್ದೇ ಎಂದು ಮುಖ ಅರಳಿಸಿ, ಅಡ್ಡಹೆಸರು ಕೇಳಿದ. ಕಾಂಬಳೆ ಎಂದಳು. ಯಾವ ಓಣಿ ಎಂದ. ಊರಾಚೆಯ ತನ್ನ ಓಣಿಯನ್ನೂ ಹೇಳಿದಳು. ಜಾತಿ ಕೇಳಬಾರದೆಂದು ಗೊತ್ತಿರುವ ಜಾಣರು ಹೀಗೆ ಸುತ್ತು ಹಾಕಿ ಬರುತ್ತಾರೆ. ಹಾಡು ಶುರುವಾದ ಮೇಲೆ ಅವನು ಬೆರಳ ತುದಿಯಷ್ಟೇ ಕೊಟ್ಟ. ಸ್ವಲ್ಪ ಹೊತ್ತಿಗೆ ಅವಳ ಹೆಬ್ಬೆರಳನ್ನು ಜಜ್ಜುವಂತೆ ತುಳಿದ. ಬಗ್ಗಲಿಲ್ಲ. ಮತ್ತೆ ತುಳಿದ. ಬಗ್ಗಲಿಲ್ಲ. ಹಾಡು ಎಲ್ಲೂ ತಪ್ಪದೆ ಕೊನೆ ಮುಟ್ಟಿತು. ಕಾವ್ಯಾ ಚಪ್ಪಾಳೆ ತಟ್ಟಿ, ನೋಡಿ, ಸರ್ ಕಲಿತರು ಎಂದು ಎಲ್ಲರಿಗೂ ತೋರಿಸಿದಳು.

ಕಲಿತನೇನೋ, ನನ್ನದೇ ಹಾಳು ಸಂಶಯ ಎಂದುಕೊಂಡಳು ವಿಶಾಖಾ. ಮುಂದಿನ ಹಾಡಿಗೆ ಅವನ ಜೋಡಿ ಮತ್ತೆ ಸುಗರಾಬಿ. ಕಾಲು ತಾಗಿತು. ಶ್ರೀಮಂತ ಬಗ್ಗಿ, ಮುಟ್ಟಿ, ಕಣ್ಣಿಗೊತ್ತಿಕೊಂಡ. ಅವನ ಬೆರಳು ತಾಗಿದ್ದ ಕೈಯನ್ನು ವಿಶಾಖಾ ಬಟ್ಟೆಗೆ ಒರೆಸಿಕೊಂಡಳು. ಅಷ್ಟು ವರ್ಷ ಕೀವು ಮುಟ್ಟಿಯೂ ಹೇಸದ ಕೈ ಅದು.

ಮರುವಾರವೂ ಅದೇ. ಕಾವ್ಯಾಳಿಗೆ ಪಾಪ, ಕಣ್ಣಿದ್ದೂ ಕಾಣಲಿಲ್ಲ. ಊರವರ ಮುಂದೆ ಒಂದು ಸಣ್ಣ ಕಾರ್ಯಕ್ರಮ ಮಾಡೋಣ, ಸರ್ ವಿಶಾಖಾ ಅವರ ಜೊತೆ ಮಾತ್ರ ತಪ್ಪಿಲ್ಲದೆ ಕುಣಿಯುತ್ತಾರೆ, ಇವರಿಬ್ಬರದೇ ಜೋಡಿ ಎಂದು ಸಾರಿಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ರೀಮಂತನೂ ತಟ್ಟಿದ. ವಿಶಾಖಾಳಿಗೆ ಎರಡೇ ದಾರಿ ಉಳಿದವು. ಅವನ ಬೆರಳ ತುದಿ ಹಿಡಿದು ಊರೆದುರು ನಗುತ್ತ ಕುಣಿಯಬೇಕು, ಇಲ್ಲವೇ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ನಾಳೆ ಇಲ್ಲಿ ಯಾರು ತನ್ನ ಕೈ ಹಿಡಿದಾರು ಎಂಬ ಹೆದರಿಕೆ ನಿಜವಾಗಿಯೂ ಆಯಿತು.

“ಮೇಡಮ್, ಇವರು ಕಲತಿಲ್ರಿ,” ಎಂದಳು. “ಎಲ್ಲಾರ ಕಾಲು ತಾಗಿದ್ರ ಬಗ್ಗಿ ಮುಟ್ಟತಾರ. ನನ್ನ ಕಾಲು ತುಳದ್ರ ಬಗ್ಗೂದಿಲ್ಲ. ನನ್ನ ಅಡ್ಡಹೆಸರು ಕೇಳಿದ ಮ್ಯಾಲ ಅವರ ಟೊಂಕ ಬಗ್ಗವಲ್ಲದು.”

ಗೀತಾಂಜಲಿ ಗಂಡನ ಮುಖ ನೋಡಿದಳು. ಕಾವ್ಯಾ ಇಂಥ ಮಾತು ಇಲ್ಲಿ ಬೇಡವೆಂದು ಗೊಣಗಿ, ಹಾಡು ಹಾಕಲು ಮೊಬೈಲಿಗೆ ಕೈ ಹಾಕಿದಳು. ಶ್ರೀಮಂತ ಕೆಂಪಗಾಗಿ, ಛೇ ಛೇ ಅಕ್ಕಾರ, ಹಾಗೇನಿಲ್ಲ ಎನ್ನುತ್ತ ಸುತ್ತಲಿನವರನ್ನೊಮ್ಮೆ ನೋಡಿ, ಗಡಿಬಿಡಿಯಲ್ಲಿ ಅವಳ ಕಾಲಿಗೆ ಬಗ್ಗಿದ.

ವಿಶಾಖಾ ಕಾಲು ಹಿಂದಕ್ಕೆಳೆದುಕೊಂಡಳು. ಅವನ ಕೈ ಬರಿ ನೆಲದ ಮೇಲೆ ಉಳಿಯಿತು.

“ಬ್ಯಾಡ್ರಿ,” ಎಂದಳು. “ಹುಳ ಬಿದ್ದ ಕಾಲು ತೊಳದೀನಿ, ಎಂದೂ ಹೇಸಿಗಿ ಬಂದಿದ್ದಿಲ್ಲ. ನಿಮ್ಮ ಕೈ ಹಿಡದ ಮ್ಯಾಲ ಬಂತು.”

ಹಾಲಿನ ಮೂಲೆಯ ನಲ್ಲಿಗೆ ಹೋದಳು. ಎಲ್ಲರೂ ನೋಡುತ್ತಿರುವಂತೆಯೇ ಸಾಬೂನು ಹಚ್ಚಿ, ವಾರ್ಡಿನಲ್ಲಿ ತೊಳೆಯುವ ಹಾಗೆ, ಮೊಣಕೈತನಕ ತಿಕ್ಕಿ ತಿಕ್ಕಿ ತೊಳೆದಳು. ಅವಸರ ಮಾಡಲಿಲ್ಲ. ಒರೆಸಿಕೊಂಡು ಬಂದು, ಹೊರಗೆ ಹೋಗಬಹುದಾಗಿದ್ದರೂ ಬಾಗಿಲ ಕಡೆ ತಿರುಗದೆ, ತನ್ನ ಜಾಗದಲ್ಲಿ ನಿಂತು ಎರಡೂ ಕೈ ಮುಂದೆ ಚಾಚಿದಳು.

“ಹಾಡು ಹಚ್ಚರಿ ಮೇಡಮ್. ಯಾರು ಹಿಡೀತಾರ, ಬರ್ಲಿ.”