ಆರು ಬಸ್ಸಿನಷ್ಟು ದೂರದ ಗೋಡೆ

ಮೂರು ಮೆಟ್ಟಿಲು ಹತ್ತಿಸುವಷ್ಟರಲ್ಲಿ ಬಸ್ ಡ್ರೈವರ್ ಏದುಸಿರು ಬಿಡುತ್ತಿದ್ದ. ಗಿಟಾರಿನ ಆಂಪ್ಲಿಫೈಯರನ್ನು ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಸೊಂಟಕ್ಕೆ ಕೈಕೊಟ್ಟು ನಿಂತ.

"ಇದರ ಬದಲು ಬಸ್ಸನ್ನೇ ಎತ್ಕೊಂಡು ಬರಬಹುದಿತ್ತು, ಅಕ್ಕ."

"ಬಸ್ಸು ತಂದಿದ್ರೆ ಬೆಂಚು ಮುರೀತಿತ್ತು. ಕೂತ್ಕೊಳ್ಳಿ ಮೊದಲು," ಎಂದಳು ವಾಲ್ವಕ್ಕ.

ಗಾಜಿನ ವಾಲ್ವ್ ಇರುವ ಹಳೆಯ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುವವರು ಊರಿನಲ್ಲಿ ಅವಳನ್ನು ಬಿಟ್ಟರೆ ಯಾರೂ ಉಳಿದಿಲ್ಲ. ಹಾಗಾಗಿ ಆ ಹೆಸರು. ವಯಸ್ಸು ಐವತ್ತಮೂರು. ಅಂಗಡಿ ಅಪ್ಪನದು. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಅಂಗಡಿಯ ಹಿಂದಿನ ಬಾಗಿಲು ನೇರ ಅಡುಗೆಮನೆಗೆ ತೆರೆದುಕೊಳ್ಳುತ್ತದೆ, ಅಲ್ಲಿ ಎಂಬತ್ತು ದಾಟಿದ ಅಮ್ಮ ಇರುತ್ತಾಳೆ. ಬೆಂಚಿನ ಮೇಲಿನ ಗೋಡೆಯಲ್ಲಿ ಒಂದು ರಟ್ಟು ತೂಗುತ್ತದೆ: "ಸ್ಪೀಕರ್ ಸಿಕ್ಕಿಸದೆ ಸ್ವಿಚ್ ಹಾಕಬೇಡಿ." ಅದು ಅವಳ ಕೈಬರಹ. ಬಂದವರಿಗೆಲ್ಲ ಅದನ್ನು ಬಾಯಲ್ಲೂ ಒಮ್ಮೆ ಹೇಳಿಯೇ ಕಳಿಸುತ್ತಾಳೆ, ಎಷ್ಟೋ ಜನಕ್ಕೆ ಕೇಳಿ ಕೇಳಿ ಸಾಕಾಗಿದೆ.

ಡ್ರೈವರ್ ತಂದಿದ್ದ ಆಂಪ್ಲಿಫೈಯರ್ ಅವಳ ಅಪ್ಪನೇ ಕಟ್ಟಿದ್ದು. ಅಂಥವನ್ನು ಅವನು ಕಟ್ಟಿದ್ದು ಮೂರೇ ಮೂರು. ಒಂದನ್ನು ಕೊಂಡವರು ಅದರ ಸಮೇತ ದೇಶ ಬಿಟ್ಟರು. ಒಂದು ಊರಾಚೆಯ ಶಾಲೆಯ ಸಂಗೀತದ ಮೇಷ್ಟ್ರ ಬಳಿ ಇದೆ. ಉಳಿದದ್ದು ಇದು. ಮೂವತ್ತು ವರ್ಷದಲ್ಲಿ ಇದರ ವಾಲ್ವ್ ಬದಲಾಗಿದ್ದುಂಟು, ಹೊಟ್ಟೆ ಬಿಚ್ಚಿದ್ದಿಲ್ಲ.

"ಕೆಟ್ಟಿದೆಯಾ?"

"ಕೆಟ್ಟಿಲ್ಲ. ಇದಕ್ಕೆ ನಮ್ಮ ಶೆಡ್ ಬೇಕು."

ಬಸ್ ಡಿಪೋದ ನಾಲ್ಕು ಜನ, ಇವನೂ ಸೇರಿ, ಇಪ್ಪತ್ತೆರಡು ವರ್ಷದಿಂದ ಒಟ್ಟಿಗೆ ವಾದ್ಯ ಬಾರಿಸುತ್ತಾರೆ: ಇಬ್ಬರು ಡ್ರೈವರುಗಳು, ಒಬ್ಬ ಕಂಡಕ್ಟರ್, ಟೈರಿನ ವಿಭಾಗದವನೊಬ್ಬ. ಬಸ್ಸು ತೊಳೆಯುವ ತಗಡಿನ ಶೆಡ್ಡಿನಲ್ಲಿ ಪ್ರತಿ ವಾರ ಅಭ್ಯಾಸ ನಡೆಯುತ್ತಿತ್ತು. ಕಳೆದ ವರ್ಷ ಶೆಡ್ ಕೆಡವಿದರು. ಈಗ ಅಭ್ಯಾಸಕ್ಕೂ ಕಾರ್ಯಕ್ರಮಕ್ಕೂ ಸಮುದಾಯ ಭವನ: ನೆಲದ ತುಂಬ ಜಮಖಾನ, ಗೋಡೆಯ ತುಂಬ ಪರದೆ. ಶುಕ್ರವಾರ ಸಂಜೆ ಅಲ್ಲಿ ಬಾರಿಸಬೇಕು. ಅಲ್ಲಿ ಗಿಟಾರಿನ ಸದ್ದು ಸ್ಪೀಕರಿನಿಂದ ಹೊರಬಂದ ಜಾಗದಲ್ಲೇ ಬಿದ್ದು ಸಾಯುತ್ತದೆ ಎಂದ ಡ್ರೈವರ್.

ಅದಕ್ಕೇ ಎರಡು ಪೆಡಲ್, ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಪೆಟ್ಟಿಗೆಗಳು, ಕೊಂಡಿದ್ದ. ಒಂದು ಡಿಲೇ, ಬಾರಿಸಿದ್ದನ್ನು ಸ್ವಲ್ಪ ತಡೆದು ಮತ್ತೆ ಕೇಳಿಸುವುದು. ಇನ್ನೊಂದು ರೀವರ್ಬ್, ದೊಡ್ಡ ಕೋಣೆಯಲ್ಲಿ ಸದ್ದು ಉಳಿದುಕೊಳ್ಳುವ ಹಾಗೆ ಮಾಡುವುದು. ಎರಡನ್ನೂ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಸಿಕ್ಕಿಸಿ ತೋರಿಸಿದ. ವಾಲ್ಯೂಮ್ ಸಣ್ಣದಿದ್ದಾಗ ಚೆನ್ನಾಗಿಯೇ ಇತ್ತು. ಏರಿಸಿದಂತೆ ಸ್ವರ ಯಾವುದು, ಅದರ ಮರುದನಿ ಯಾವುದು ತಿಳಿಯದೆ ಎಲ್ಲ ಕಲಸಿಹೋಯಿತು. ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳಗಳು ಗದಗುಟ್ಟಿದವು.

"ಅಲ್ಲೇನು ಲಾರಿ ಉರುಳಿಸ್ತಿದ್ದೀರಾ?" ಒಳಗಿನಿಂದ ಅಮ್ಮ ಕೂಗಿದಳು.

"ಬಸ್ಸು, ಅಮ್ಮಾ," ಎಂದ ಡ್ರೈವರ್.

ವಾಲ್ವಕ್ಕ ಸ್ವಿಚ್ ಆರಿಸಿದಳು. "ಜೋರು ಮಾಡಿದಾಗ ಸದ್ದು ಒರಟಾಗುತ್ತಲ್ಲ, ಅದು ನಿಮಗೆ ಬೇಕೇ ಬೇಕು ತಾನೇ?"

"ಅದಿಲ್ಲದಿದ್ರೆ ಇದನ್ಯಾಕೆ ಹೊರಲಿ?"

"ಆ ಒರಟು ಹುಟ್ಟೋದು ಕೊನೆಯಲ್ಲಿ, ಈ ದೊಡ್ಡ ವಾಲ್ವುಗಳಲ್ಲಿ. ನೀವು ಮರುದನಿಯನ್ನ ಮೊದಲೇ ಸೇರಿಸ್ತಿದ್ದೀರಿ. ಸ್ವರದ ಜೊತೆ ಅದೂ ಗಿರಣಿಗೆ ಬೀಳುತ್ತೆ. ಹಿಟ್ಟಾದ ಮೇಲೆ ಕಾಳು ಹುಡುಕಿದ್ರೆ ಎಲ್ಲಿ ಸಿಗುತ್ತೆ?"

"ಪೇಟೆ ಅಂಗಡಿಯವನು ಹಿಂದುಗಡೆ ಎರಡು ತೂತು ಕೊರೆದು ನಡುವಿನಲ್ಲಿ ಪೆಡಲ್ ಸೇರಿಸೋಣ ಅಂದ."

"ನಡುವಿನಲ್ಲಿ ಸೇರಿಸಿದ್ರೂ ಕೊನೆಯ ಗಿರಣಿ ಮುಂದೇನೇ ಇರುತ್ತೆ. ತೂತು ಮಾತ್ರ ಉಳಿಯುತ್ತೆ."

ಅವಳ ದಾರಿ ಬೇರೆ. ಆಂಪ್ಲಿಫೈಯರ್ ತನ್ನ ಕೆಲಸ ಮುಗಿಸಿ ಸ್ಪೀಕರಿಗೆ ಕಳಿಸುವ ಸದ್ದಿನಿಂದಲೇ ಒಂದು ಚಿಟಿಕೆ ತೆಗೆದುಕೊಳ್ಳುವುದು. ಅದನ್ನು ಪೆಡಲ್ ತಡೆಯುವಷ್ಟು ಸಣ್ಣದು ಮಾಡಿ ಮೊದಲು ಡಿಲೇಗೆ, ಆಮೇಲೆ ರೀವರ್ಬಿಗೆ, ಅಲ್ಲಿಂದ ಇನ್ನೊಂದು ಸಣ್ಣ ಆಂಪ್ಲಿಫೈಯರಿಗೆ ಕೊಡುವುದು. ದೊಡ್ಡ ಸ್ಪೀಕರಿನಲ್ಲಿ ಗಿಟಾರ್ ಇದ್ದಂತೆಯೇ ಕೇಳುತ್ತದೆ. ಪಕ್ಕದ ಸಣ್ಣ ಸ್ಪೀಕರಿನಲ್ಲಿ ಬರೀ ಮರುದನಿ. ನಡುವೆ ಬೇಕಾದ್ದು ಅಂಗೈಯಗಲದ ಒಂದು ಡಬ್ಬಿ, ಮೂರು ಸಾಕೆಟ್, ಕರೆಂಟನ್ನು ತಡೆಯುವ ಒಂದೆರಡು ರೆಸಿಸ್ಟರ್. ಅಪ್ಪನ ಕೆಲಸಕ್ಕೆ ಒಂದು ಗೀರೂ ಬೀಳುವುದಿಲ್ಲ.

"ಶೆಡ್ ಎಷ್ಟು ಉದ್ದ ಇತ್ತು?" ಎಂದು ಕೇಳಿದಳು.

"ಆರು ಬಸ್ಸು ಸಾಲಾಗಿ ನಿಲ್ತಿದ್ವು. ಕೊನೆಯದರ ಹಿಂದೆ ಬಕೆಟ್ ಇಡೋಷ್ಟು ಜಾಗ."

ಬಸ್ಸಿಗೆ ಹತ್ತು ಮೀಟರ್ ಎಂದರೆ ಅರವತ್ತು. ಹೋಗಿ ಬರುವುದು ನೂರಿಪ್ಪತ್ತು. ಸದ್ದು ಅಷ್ಟು ದೂರ ಸುತ್ತಿ ಬರಲು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಚೂರು ಹೆಚ್ಚು ಬೇಕು. ಅವಳು ಹಳೆಯ ಬಿಲ್ಲಿನ ಹಿಂಬದಿಯಲ್ಲಿ 350 ಮಿಲಿಸೆಕೆಂಡ್ ಎಂದು ಬರೆದುಕೊಂಡಳು. ಡ್ರೈವರ್ ಅದನ್ನು ಬಗ್ಗಿ ನೋಡಿದ. ಇಷ್ಟು ವರ್ಷ ತಾನು ಬಸ್ಸು ನಿಲ್ಲಿಸಿದ್ದು ಇಂಥದಕ್ಕೂ ಉಪಯೋಗಕ್ಕೆ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಅದು ಮಂಗಳವಾರ. ಬುಧವಾರ ಹನ್ನೊಂದಕ್ಕೆ, ಬೆಳಗಿನ ಪಾಳಿ ಮುಗಿಸಿ ಅವನು ಮತ್ತೆ ಬಂದಾಗ ಡಬ್ಬಿಯ ಕೊನೆಯ ಬೆಸುಗೆ ಇನ್ನೂ ಬಿಸಿಯಾಗಿತ್ತು. ಮಾಮೂಲಾಗಿ ಅವಳು ಸಾಕೆಟ್ಟುಗಳ ಮೇಲೆ ಪಟ್ಟಿ ಅಂಟಿಸಿ ಹೆಸರು ಬರೆಯುತ್ತಾಳೆ. ಅವತ್ತು ಬರೆದಿರಲಿಲ್ಲ. ಡಬ್ಬಿ ಕಟ್ಟಿದ್ದು ತಾನೇ, ಕಟ್ಟಿ ಐದು ನಿಮಿಷವಾಗಿಲ್ಲ, ಮರೆಯುವುದೆಲ್ಲಿ ಬಂತು?

ಆಂಪ್ಲಿಫೈಯರಿನ ತಂತಿಯನ್ನು ಡಬ್ಬಿಗೆ ಸಿಕ್ಕಿಸಿದಳು. ಸ್ಪೀಕರಿನ ತಂತಿಯನ್ನೂ ಸಿಕ್ಕಿಸಿದಳು. ವಾಲ್ವ್ ಕೆಂಪಾಗುವವರೆಗೆ ಕಾದು, "ಹೂಂ, ಬಾರಿಸಿ," ಎಂದಳು.

ಬಾರಿಸಿದ. ಸ್ಪೀಕರಿನಿಂದ ಸೊಳ್ಳೆಯ ದನಿಯಷ್ಟು ಬಂತು. ಕೇಳಿಸದಿದ್ದಾಗ ಯಾರಾದರೂ ಮಾಡುವುದನ್ನೇ ಡ್ರೈವರ್ ಮಾಡಿದ: ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿ, ಗಿಟಾರಿನ ಆರೂ ತಂತಿಗಳನ್ನು ಒಟ್ಟಿಗೆ ಎಳೆದ. ಮತ್ತೊಮ್ಮೆ ಎಳೆದ.

ಸುಟ್ಟ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಅವಳು ಸ್ವಿಚ್ಚಿಗೆ ಕೈಹಾಕದೆ ಗೋಡೆಯ ಪ್ಲಗ್ಗನ್ನೇ ಕಿತ್ತಳು.

ಡಬ್ಬಿ ನೋಡಿದರೆ, ಸ್ಪೀಕರಿನ ತಂತಿ ಪೆಡಲಿಗೆ ಹೋಗಬೇಕಾದ ಸಾಕೆಟ್ಟಿನಲ್ಲಿತ್ತು. ಅಂದರೆ ಇಷ್ಟು ಹೊತ್ತು ಆಂಪ್ಲಿಫೈಯರ್ ಸ್ಪೀಕರ್ ಇಲ್ಲದೆಯೇ ಓಡಿತ್ತು. ಅದೂ ಪೂರ್ತಿ ಜೋರಿನಲ್ಲಿ. ಡ್ರೈವರನ ಕಣ್ಣು ಗೋಡೆಯ ರಟ್ಟಿಗೆ ಹೋಯಿತು, ಅಲ್ಲಿಂದ ಅವಳ ಮುಖಕ್ಕೆ ಬಂತು.

"ತಪ್ಪು ನನ್ನದು," ಎಂದಳು ಅವಳು. "ಹೀಗೆ ಓಡಿದ್ರೆ ಸಾಮಾನ್ಯವಾಗಿ ಹೋಗೋದು ಸದ್ದನ್ನ ಸ್ಪೀಕರಿಗೆ ದಾಟಿಸೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಅದನ್ನ ಅಪ್ಪ ಕೈಯಿಂದ ಸುತ್ತಿದ್ದು. ಹೋಗಿದ್ರೆ ಇದಕ್ಕೆ ಸರಿಹೊಂದೋದು ಎಲ್ಲೂ ಸಿಗಲ್ಲ. ನನಗೆ ಸುತ್ತೋಕೆ ಬರಲ್ಲ."

"ಶುಕ್ರವಾರ?"

"ಬಿಚ್ಚಿ ನೋಡದೆ ಏನೂ ಹೇಳಲ್ಲ."

ಒಳಗೆ ಉಳಿದಿದ್ದ ಕರೆಂಟ್ ಇಳಿಯುವವರೆಗೆ ಕಾದು, ಎಂಟು ಸ್ಕ್ರೂ ತೆಗೆದು, ಪೆಟ್ಟಿಗೆಯನ್ನು ಬೋರಲು ಹಾಕಿದಳು. ತಗಡಿನ ಒಳಮೈಯಲ್ಲಿ ಅಪ್ಪ ಪೆನ್ಸಿಲಿನಲ್ಲಿ ಟ್ರಾನ್ಸ್‌ಫಾರ್ಮರಿನ ಒಂದೊಂದು ಸುತ್ತಿನ ಅಳತೆ ಬರೆದಿಟ್ಟಿದ್ದ. ಮೀಟರಿನ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿಸಿ, ಬರೆದದ್ದರ ಜೊತೆ ಹೋಲಿಸುತ್ತ ಹೋದಳು. ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದಕ್ಕೆ ಕಡ್ಡಿ ಜಾರಿತು, ಮತ್ತೆ ಹಿಡಿದಳು. ಅದೂ ಸರಿ.

ಹಾಗಾದರೆ ಸುಟ್ಟಿದ್ದೇನು?

ಸ್ಪೀಕರ್ ಸಾಕೆಟ್ಟಿನ ಹಿಂದೆ, ಅದರ ಎರಡು ಕಾಲಿಗೆ ಅಡ್ಡವಾಗಿ, ಕಿರುಬೆರಳಿನಷ್ಟು ಉದ್ದದ ಒಂದು ರೆಸಿಸ್ಟರ್ ಇತ್ತು. ಮೈಮೇಲಿನ ಬಣ್ಣ ಗುಳ್ಳೆಯೆದ್ದು ಕಂದಾಗಿತ್ತು. ಹೋಗಲು ದಾರಿಯಿಲ್ಲದ ಸದ್ದೆಲ್ಲ ಅದರೊಳಗೆ ನುಗ್ಗಿ ಬಿಸಿಯಾಗಿ ಮುಗಿದುಹೋಗಿತ್ತು. ಟ್ರಾನ್ಸ್‌ಫಾರ್ಮರಿಗೆ ಬೀಳಬೇಕಾದ ಪೆಟ್ಟನ್ನು ಅದು ತಿಂದಿತ್ತು.

ವಾಲ್ವಕ್ಕ ಕಪಾಟಿನ ಕೆಳಗಿನಿಂದ ಒಂದು ತಗಡಿನ ಡಬ್ಬ ಎಳೆದಳು. ಕತ್ತರಿಸಿ ತೆಗೆದ ಹಳೆಯ ಬಿಡಿಭಾಗಗಳನ್ನು ಅವಳು ಎಸೆಯುವುದಿಲ್ಲ. ಕೆದಕಿ ಕೆದಕಿ, ಇಂಥದ್ದೇ ಇನ್ನೊಂದು ರೆಸಿಸ್ಟರ್ ಹುಡುಕಿ, ಎರಡನ್ನೂ ಪಕ್ಕಪಕ್ಕ ಇಟ್ಟಳು. ಅದೇ ಗಾತ್ರ. ಅದರ ಮೇಲೂ ಅದೇ ಕಂದು, ಅದೇ ಗುಳ್ಳೆ. ಆರು ವರ್ಷದ ಹಿಂದೆ ಸಂಗೀತದ ಮೇಷ್ಟ್ರ ಆಂಪ್ಲಿಫೈಯರಿನಿಂದ ಅವಳೇ ಕತ್ತರಿಸಿ ತೆಗೆದದ್ದು. ಅಪ್ಪ ಪರೀಕ್ಷೆಗೆಂದು ಏನೇನೋ ನೇತುಹಾಕಿ ಬಿಚ್ಚಲು ಮರೆಯುತ್ತಿದ್ದ. ಇದೂ ಅಂಥದೇ, ಸುಟ್ಟು ಬೇರೆ ಹೋಗಿದೆ, ಇಲ್ಲದೆಯೂ ಯಂತ್ರ ಚೆನ್ನಾಗಿಯೇ ಓಡುತ್ತದೆ ಎಂದು ಕತ್ತರಿಸಿದ್ದಳು. ಹೊಸದು ಹಾಕಿರಲಿಲ್ಲ.

ವಾಸನೆಗೆ ಅಮ್ಮ ಬಾಗಿಲಿಗೆ ಬಂದಿದ್ದಳು. ಕೈಯಲ್ಲಿ ಒರೆಸುತ್ತಿದ್ದ ತಟ್ಟೆ. ಬೆಂಚಿನ ಮೇಲಿದ್ದುದನ್ನು ಕಣ್ಣು ಕಿರಿದುಮಾಡಿ ನೋಡಿದಳು.

"ಅದು ನಿನ್ನ ದೆಸೆಯಿಂದ ಬಂದದ್ದು ಕಣೇ."

"ಯಾವುದು?"

"ಆ ಕಡ್ಡಿ. ನಿನಗೆ ಹನ್ನೊಂದು ವರ್ಷ. ನಿಮ್ಮಪ್ಪ ಊಟಕ್ಕೆ ಎದ್ದಾಗ ಸ್ಪೀಕರ್ ಇಲ್ಲದ ಯಾವುದೋ ಡಬ್ಬಕ್ಕೆ ರೆಕಾರ್ಡ್ ಪ್ಲೇಯರ್ ಸಿಕ್ಕಿಸಿದೆ. ಸದ್ದು ಬರಲಿಲ್ಲ ಅಂತ ವಾಲ್ಯೂಮಿನ ಕಿವಿ ತಿರುಗಿಸಿ ತಿರುಗಿಸಿ, ಬೇಜಾರಾಗಿ ಹಾಗೇ ಬಿಟ್ಟು ಆಟಕ್ಕೆ ಓಡಿದೆ. ಇವರು ಬಂದು ನೋಡಿದ್ರೆ ಹೊಗೆ. ಹನ್ನೊಂದು ದಿನ ಕೂತು ತಂತಿ ಸುತ್ತಿದ್ರು. ಆಮೇಲಿಂದ ಕಟ್ಟಿದ್ದಕ್ಕೆಲ್ಲ ಅದೊಂದು ಹಾಕಿದ್ರು."

"ನನಗ್ಯಾಕೆ ಯಾರೂ ಹೇಳಲಿಲ್ಲ?"

"ಹೇಳಿದ್ರೆ ಹುಡುಗಿ ಮತ್ತೆ ಬೆಂಚಿನ ಹತ್ತಿರ ಸುಳಿಯಲ್ಲ ಅಂದ್ರು. ಹೇಳಿದ್ರೇ ಚೆನ್ನಾಗಿತ್ತು. ನನಗೆ ಇಷ್ಟು ವರ್ಷ ಮುಚ್ಚಳ ಗದಗುಟ್ಟೋದು ತಪ್ತಿತ್ತು." ಅಮ್ಮ ಒಳಗೆ ಹೋದಳು.

ಡ್ರೈವರ್ ನೆಲ ನೋಡುತ್ತಾ ನಗು ತಡೆದುಕೊಂಡ. "ನಗಿ, ಪರವಾಗಿಲ್ಲ," ಎಂದಳು ವಾಲ್ವಕ್ಕ. ಅವಳು ನಗಲಿಲ್ಲ. ಸುಟ್ಟದ್ದನ್ನು ತೆಗೆದು, ಅಷ್ಟೇ ಓಮಿನ, ಇನ್ನೂ ಸ್ವಲ್ಪ ದಪ್ಪನೆಯ ಹೊಸ ರೆಸಿಸ್ಟರನ್ನು ಅದೇ ಜಾಗದಲ್ಲಿ ಬೆಸೆದಳು. ಪೆಟ್ಟಿಗೆ ಮುಚ್ಚಿದಳು. ಡಬ್ಬಿಯ ಮೂರು ಸಾಕೆಟ್ಟಿಗೂ ಪಟ್ಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ ಬರೆದಳು. ಪ್ಲಗ್ ಹಾಕುವ ಮುಂಚೆ ತಂತಿಗಳನ್ನು ಬೆರಳಿನಿಂದ ಹಿಡಿದು, ಕೊನೆಯಿಂದ ಕೊನೆಗೆ, ಎರಡು ಸಲ ಹೋದಳು.

ಈ ಸಲ ಮೊದಲ ಏಟಿಗೇ ಮುಚ್ಚಳಗಳು ಗದಗುಟ್ಟಿದವು. ದೊಡ್ಡ ಸ್ಪೀಕರಿನಲ್ಲಿ ಗಿಟಾರ್ ಒರಟಾಗಿ, ಬಿಡಿಯಾಗಿ ಕೇಳಿತು. ಸಣ್ಣದರಲ್ಲಿ ಅದರ ಹಿಂದೆಯೇ ಮರುದನಿ, ಒಂದರ ಮೈಮೇಲೆ ಒಂದು ಬೀಳದೆ. ಡ್ರೈವರ್ ಸ್ಪೀಕರಿಗೆ ಬೆನ್ನು ಹಾಕಿ ನಿಂತ. ಶೆಡ್ಡಿನಲ್ಲಿ ಅವನು ನಿಲ್ಲುತ್ತಿದ್ದುದು ಹಾಗೆಯೇ.

"ಗೋಡೆ ಹತ್ತಿರ ಬಂದಿದೆ," ಎಂದ.

"ಲೆಕ್ಕ ಸರಿಯಾಗಿದೆಯಲ್ಲ? ಆರು ಬಸ್ಸು."

"ಕೊನೆಯದು ಉದ್ದನೆಯ ಬಸ್ಸು, ಅಕ್ಕ. ಮರೆತಿದ್ದೆ."

ಅವಳು ಡಿಲೇಯನ್ನು 370ಕ್ಕೆ ತಿರುಗಿಸಿದಳು. ಅವನು ಬಾರಿಸಿ, ಕಿವಿಗೊಟ್ಟು, ತಲೆಯಾಡಿಸಿದ. ರೀವರ್ಬಿನಲ್ಲಿ ಮೆತ್ತನೆಯ ದನಿ ಕಡಿಮೆ ಮಾಡಿಸಿ, ತಗಡಿನ ದನಿ ಹೆಚ್ಚು ಮಾಡಿಸಿದ. ಅವಳಿಗೆ ಅದು ಅಷ್ಟು ಚೆನ್ನಾಗಿ ಕೇಳಲಿಲ್ಲ. ಶೆಡ್ ಅವನದು, ಅವನು ಹೇಳಿದಲ್ಲಿಗೇ ಬಿಟ್ಟಳು. ಆಮೇಲೆ ಅವನು ಹತ್ತು ನಿಮಿಷ ಒಂದೇ ಹಾಡನ್ನು ಬಾರಿಸಿದ. ಅಮ್ಮ ಒಳಗಿನಿಂದ ಏನೂ ಕೂಗಲಿಲ್ಲ.

ಅವನು ತಂತಿ ಸುತ್ತಿಡುತ್ತಿದ್ದಾಗ ವಾಲ್ವಕ್ಕ ಸಂಗೀತದ ಮೇಷ್ಟ್ರಿಗೆ ಫೋನ್ ಮಾಡಿದಳು.

"ಮೇಷ್ಟ್ರೇ, ನಮ್ಮಪ್ಪನ ಆಂಪ್ಲಿಫೈಯರ್ ಹೇಗಿದೆ?"

"ಗುಂಡುಕಲ್ಲಿನ ಹಾಗಿದೆ. ಯಾಕೆ? ನಾಳೆ ಮಧ್ಯಾಹ್ನ ಮಕ್ಕಳ ಕ್ಲಾಸಿದೆ."

"ನಾನು ಬರೋವರೆಗೆ ಸ್ವಿಚ್ ಹಾಕಬೇಡಿ. ಆರು ವರ್ಷದ ಹಿಂದೆ ನಾನು ಒಂದು ಭಾಗ ತೆಗೆದಿದ್ದೆ. ತೆಗೀಬಾರದಿತ್ತು."

"ಸ್ಪೀಕರ್ ಸಿಕ್ಕಿಸಿಯೇ ಹಾಕ್ತೀನಿ, ನೀವೇ ನೂರು ಸಲ ಹೇಳಿದ್ದೀರಿ."

"ಹೇಳಿದವಳೇ ಇವತ್ತು ಮರೆತಳು. ಬರ್ತೀನಿ."

ಶಾಲೆಯ ಕಡೆಗೆ ಮೊದಲ ಬಸ್ಸು ಬೆಳಿಗ್ಗೆ ಆರೂ ಹತ್ತಕ್ಕೆ. ಓಡಿಸುವವನು ಈ ಡ್ರೈವರೇ. ಗುರುವಾರ ಅವಳು ಸೋಲ್ಡರಿಂಗ್ ಐರನ್, ಮೀಟರ್, ಕಿರುಬೆರಳುದ್ದದ ಒಂದು ಹೊಸ ರೆಸಿಸ್ಟರ್ ಚೀಲಕ್ಕೆ ಹಾಕಿಕೊಂಡು ಆ ಬಸ್ಸು ಹತ್ತುತ್ತಾಳೆ.